ಕಿವುಡರ ಚರಿತ್ರೆ ಕಲಿಯಲು ಯಾವ ದಾರಿ: ಪುಸ್ತಕವೋ, ಕ್ಲಾಸೋ, ಹಳೆಯ ಫಿಲ್ಮೋ, ಆ್ಯಪೋ?

ಕಿವುಡರ ಸಂಸ್ಕೃತಿ, ಚರಿತ್ರೆ ತಿಳಿಯಬೇಕೆಂದು ಹೊರಟವರಿಗೆ ಎಲ್ಲಿಂದ ಶುರು ಮಾಡುವುದು ಎಂಬುದೇ ಮೊದಲ ಗೊಂದಲ. ಒಬ್ಬರು ಒಳ್ಳೆಯ ಪುಸ್ತಕ ಓದಿ ಎನ್ನುತ್ತಾರೆ. ಇನ್ನೊಬ್ಬರು ಸಂಜ್ಞಾ ಭಾಷೆಯ ಕ್ಲಾಸಿಗೆ ಸೇರಿಕೊಳ್ಳಿ ಎನ್ನುತ್ತಾರೆ. ಮತ್ತೊಬ್ಬರು ಮೊಬೈಲ್ ಕಿತ್ತುಕೊಂಡು ಆ್ಯಪ್ ಹಾಕಿಕೊಡುತ್ತಾರೆ. ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಒಂದೊಂದರಿಂದ ದಕ್ಕುವುದು ಒಂದೊಂದು. ನನ್ನ ಒಲವು ಯಾವ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ: ಕಿವುಡ ಶಿಕ್ಷಕರ ಹತ್ತಿರ ಭಾಷೆ ಕಲಿಯುವುದು ಮೊದಲು, ಪುಸ್ತಕ ಅದರ ಜೊತೆಜೊತೆಗೆ, ಆ್ಯಪ್ ಬಿಡುವಿದ್ದಾಗ. ಈ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ, ಅದನ್ನೂ ಮುಂದೆ ಹೇಳುತ್ತೇನೆ.

ಪುಸ್ತಕದ ದಾರಿ

ಬೇಗ, ಒಂದು ಕ್ರಮದಲ್ಲಿ ಇಡೀ ಚಿತ್ರ ಬೇಕಿದ್ದರೆ ಪುಸ್ತಕಕ್ಕೆ ಸಾಟಿಯಿಲ್ಲ. 1760ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅಬೆ ದ ಲೆಪೆ ಎಂಬ ಪಾದ್ರಿ ಕಿವುಡ ಮಕ್ಕಳಿಗೆ ಶಾಲೆ ತೆರೆದದ್ದು, ಅದೇ ಶಾಲೆಯಲ್ಲಿ ಕಲಿತು ಶಿಕ್ಷಕನಾದ ಲೊರಾಂ ಕ್ಲೆರ್ಕ್ ಅಮೆರಿಕಕ್ಕೆ ಹಡಗು ಹತ್ತಿದ್ದು, 1817ರ ಏಪ್ರಿಲ್‌ನಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಆತ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಜೊತೆ ಸೇರಿ ಶಾಲೆ ಶುರು ಮಾಡಿದ್ದು, 1864ರಲ್ಲಿ ವಾಷಿಂಗ್ಟನ್ನಿನ ಕಿವುಡರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಸಿಕ್ಕಿದ್ದು. ಈ ಸರಪಳಿಯನ್ನು ಒಂದು ವಾರದ ಓದಿನಲ್ಲಿ ಹಿಡಿಯಬಹುದು. ಕ್ಲಾಸಿನಲ್ಲಿ ಕೂತು ಇದನ್ನು ಕೂಡಿಸಿಕೊಳ್ಳಲು ವರ್ಷಗಳೇ ಬೇಕು.

ಕೆಲವು ಕಡೆ ಪುಸ್ತಕ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಮೆರಿಕದ ಪೂರ್ವ ಕರಾವಳಿಯಾಚೆ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪವಿದೆ. ಅಲ್ಲಿ ಸುಮಾರು ಎರಡು ಶತಮಾನ ಕಾಲ ಹುಟ್ಟುಕಿವುಡರು ಎಷ್ಟು ಸಾಮಾನ್ಯವಾಗಿದ್ದರೆಂದರೆ, ಚಿಲ್‌ಮಾರ್ಕ್‌ನಂಥ ಊರುಗಳಲ್ಲಿ ಕಿವಿ ಕೇಳುವವರಿಗೂ ಸನ್ನೆಯ ಮಾತು ಬರುತ್ತಿತ್ತು. ಆ ಪರಂಪರೆಯ ಕೊನೆಯ ಕಿವುಡ ಮಹಿಳೆ 1952ರಲ್ಲಿ ತೀರಿಕೊಂಡರು. ಸಂಶೋಧಕರು ಹೋಗಿ ಕೇಳುವ ಹೊತ್ತಿಗೆ ಆ ಭಾಷೆ ಕಿವಿ ಕೇಳುವ ಮುದುಕರ ನೆನಪಿನಲ್ಲಷ್ಟೇ ಉಳಿದಿತ್ತು. ಅಂಥ ಕಡೆ ಓದಿಯೇ ತಿಳಿಯಬೇಕು, ಆದರೆ ಮಾತಾಡುತ್ತಿರುವುದು ಕೇಳುವವರು ಎಂಬುದನ್ನು ಮರೆಯದೆ ಓದಬೇಕು.

ಪುಸ್ತಕದ ದಾರಿಯ ದೊಡ್ಡ ತೊಡಕೂ ಅದೇ. ಬರೆದಿಟ್ಟವರು ಹೆಚ್ಚಾಗಿ ಕೇಳುವವರು: ಶಾಲೆ ನಡೆಸಿದವರು, ವೈದ್ಯರು, ಪಾದ್ರಿಗಳು. ಹಾಗಾಗಿ ಲೆಪೆ ಕಿವುಡರಿಗೆ ಭಾಷೆ 'ಕೊಟ್ಟ' ಎಂಬ ಧಾಟಿಯ ಸಾಲು ಇವತ್ತಿಗೂ ಅಲ್ಲಲ್ಲಿ ಸಿಗುತ್ತದೆ. ಆದರೆ 1779ರಲ್ಲೇ ಪ್ಯಾರಿಸ್ಸಿನ ಪಿಯೆರ್ ದೆಲೋಜ್ ಎಂಬಾತ ಒಂದು ಪುಸ್ತಕ ಬರೆದು ಇದಕ್ಕೆ ಉತ್ತರ ಕೊಟ್ಟಾಗಿತ್ತು. ಆತ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ ಬಡವ, ಏಳನೆಯ ವಯಸ್ಸಿನ ಸುಮಾರಿಗೆ ಸಿಡುಬು ಬಂದು ಕಿವುಡನಾದವನು. ಸಂಜ್ಞೆ ಕಲಿತದ್ದು ಓದು ಬರಹ ಬಾರದ ಇಟಲಿಯ ಒಬ್ಬ ಕಿವುಡನಿಂದ, ಶಾಲೆಯಲ್ಲಲ್ಲ. ಪ್ಯಾರಿಸ್ಸಿನ ಕಿವುಡರು ಯಾವ ಗುರುವೂ ಇಲ್ಲದೆ ತಮ್ಮತಮ್ಮಲ್ಲೇ ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ ಎಂದು ಆತ ಬರೆದ. ಲೆಪೆ ಮಾಡಿದ್ದು ಆ ಸನ್ನೆಗಳನ್ನು ಎತ್ತಿಕೊಂಡು ಫ್ರೆಂಚ್ ವ್ಯಾಕರಣಕ್ಕೆ ಹೊಂದುವ ಹಾಗೆ ಬಾಗಿಸುವ ಕೆಲಸ. ಆದ್ದರಿಂದ ಪುಸ್ತಕ ಆರಿಸುವಾಗ ಲೇಖಕರು ಕಿವುಡರೇ, ಅಲ್ಲದಿದ್ದರೆ ಅವರಿಗೆ ಸಂಜ್ಞಾ ಭಾಷೆ ಬರುತ್ತದೆಯೇ ಎಂದು ಮೊದಲು ನೋಡಿ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಇಸವಿಗಳನ್ನು ಮಾತ್ರ ತೆಗೆದುಕೊಂಡು ಮುಂದೆ ಹೋಗಿ.

ಕಿವುಡ ಶಿಕ್ಷಕರ ಕ್ಲಾಸು

1880ರ ಮಿಲಾನ್ ಸಮ್ಮೇಳನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಯಾವ ಪುಸ್ತಕ ತೆರೆದರೂ ಅದಕ್ಕೊಂದು ಅಧ್ಯಾಯ ಇರುತ್ತದೆ. ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಭೆ, 164 ಪ್ರತಿನಿಧಿಗಳು, ಅವರಲ್ಲಿ ಕಿವುಡರು ಅಮೆರಿಕದ ಜೇಮ್ಸ್ ಡೆನಿಸನ್ ಒಬ್ಬರೇ. ತುಟಿ ಓದಿಸಿ ಬಾಯಿಂದ ಮಾತಾಡಿಸುವ ಪದ್ಧತಿಯೇ ಮೇಲು ಎಂದು ಭಾರೀ ಬಹುಮತದಿಂದ ನಿರ್ಣಯವಾಯಿತು. ಆಮೇಲೆ ದೇಶದಿಂದ ದೇಶಕ್ಕೆ ಶಾಲೆಗಳಿಂದ ಸಂಜ್ಞೆ ಹೊರಬಿತ್ತು, ಅದರ ಜೊತೆಗೆ ಕಿವುಡ ಶಿಕ್ಷಕರ ಕೆಲಸವೂ ಹೋಯಿತು. ಇದೇ ಸಮ್ಮೇಳನಗಳ ಸರಣಿಯಲ್ಲಿ 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದವರು ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿದರು. ಪುಸ್ತಕದಲ್ಲಿ ಇಷ್ಟು ಸಿಗುತ್ತದೆ.

ಈಗ ಬಾಯಿಮಾತಿನ ಶಾಲೆಯಲ್ಲಿ ಬೆಳೆದ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಅದರ ಫಲವನ್ನು ಹೇಳುವುದನ್ನು ಗಮನಿಸಿ. ಭುಜ ತುಸುವೇ ಒಂದು ಕಡೆ ವಾಲುತ್ತದೆ, ಕಣ್ಣು ಮೇಲಕ್ಕೇಳುತ್ತದೆ. ಈಗ ಅವರು ಬೆಂಚಿನ ಮೇಲೆ ಕೂತ ಹುಡುಗ. ಭುಜ ಇನ್ನೊಂದು ಕಡೆಗೆ, ನೋಟ ಕೆಳಕ್ಕೆ, ತುಟಿಗಳು ಅಗಲವಾಗಿ ಏನೋ ಉಸುರುತ್ತವೆ. ಈಗ ಮೇಷ್ಟ್ರು. ಮತ್ತೆ ಹುಡುಗ: ಕಣ್ಣು ಆ ತುಟಿಗಳ ಮೇಲೆ ನೆಟ್ಟಿದೆ, ಹುಬ್ಬು ಗಂಟಿಕ್ಕಿದೆ, ಕೈಗಳು ತೊಡೆಯ ಕೆಳಗೆ ಹೋಗಿವೆ. 'ಆಗ ನನಗೆ ಹೀಗೆ ಹೇಳಿದರು, ನನಗೆ ಅರ್ಥವಾಗಲಿಲ್ಲ' ಎಂಬ ವರದಿಯ ವಾಕ್ಯ ಎಲ್ಲೂ ಬರುವುದಿಲ್ಲ. ಭುಜ ಹೊರಳಿಸಿ ಪಾತ್ರ ಬದಲಿಸುವುದು ಅಭಿನಯದ ಅಲಂಕಾರ ಎಂದುಕೊಳ್ಳಬೇಡಿ, ಅದು ವ್ಯಾಕರಣ. ಯಾರು ಯಾರಿಗೆ ಎಂಬುದನ್ನು ಸಂಜ್ಞಾ ಭಾಷೆಗಳು ಹೀಗೆಯೇ ಹೇಳುವುದು. ಅದು ಗೊತ್ತಿಲ್ಲದವರಿಗೆ ಇಡೀ ಕಥೆ ಮೂಕಾಭಿನಯದ ಹಾಗೆ ಕಾಣುತ್ತದೆ, ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೇ. ಗೊತ್ತಿದ್ದವರಿಗೆ ಹುಡುಗನ ಕಳ್ಳನಗುವೂ ಕಾಣುತ್ತದೆ, ಯಾಕೆಂದರೆ ಅದೇ ಕಥೆಯಲ್ಲಿ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಹುಡುಗರ ಕೈ ಮಾತಾಡುತ್ತಲೇ ಇತ್ತು. ನಿಷೇಧದ ಕಾಲದಲ್ಲಿ ಭಾಷೆ ಉಳಿದದ್ದು ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಹೀಗೆ ಗುಟ್ಟಾಗಿ ದಾಟಿಯೇ.

ಹೆಸರಿನ ವಿಷಯವೂ ಹಾಗೆಯೇ. ಕಿವುಡರು ಒಬ್ಬೊಬ್ಬರಿಗೂ ಒಂದೊಂದು ಸಂಜ್ಞಾ ಹೆಸರು ಇಡುತ್ತಾರೆ. ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ಸಮುದಾಯ ಕೊಡಬೇಕು. ಕ್ಲೆರ್ಕ್‌ನ ಹೆಸರು ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಬಲಗೆನ್ನೆಯ ಮೇಲೆ ಸವರುವುದು. ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅಲ್ಲಿ ಆದ ಗಾಯದ ಕಲೆಯ ಗುರುತು ಅದು. ಆತ ಸತ್ತದ್ದು 1869ರಲ್ಲಿ, ಕೆನ್ನೆ ಸವರುವ ಆ ಹೆಸರು ಮಾತ್ರ ಇಂದಿಗೂ ಬಳಕೆಯಲ್ಲಿದೆ. ಗ್ಯಾಲಡೆಟ್‌ನ ಹೆಸರು ಕಣ್ಣಿನ ಬದಿಯಲ್ಲಿ ಕನ್ನಡಕದ ಕಡ್ಡಿ ಎಳೆದ ಹಾಗೆ, ವಾಷಿಂಗ್ಟನ್ನಿನ ಆ ಕಿವುಡರ ಕಾಲೇಜೇ ಈಗ ಆತನ ಹೆಸರಿನ ವಿಶ್ವವಿದ್ಯಾಲಯ, ಅದಕ್ಕೂ ಅದೇ ಸಂಜ್ಞೆ. ಇಂಥವು ಕ್ಲಾಸಿನಲ್ಲಿ ಪಾಠದ ನಡುವೆ ತಾನಾಗಿ ಬರುತ್ತವೆ, ಯಾರೂ ಇದು ಚರಿತ್ರೆಯ ಪಾಠ ಎಂದು ಹೇಳಿಕೊಡುವುದಿಲ್ಲ. ಎದುರಿನವರ ಗಮನ ಬೇಕಾದರೆ ಭುಜ ಮೆಲ್ಲಗೆ ತಟ್ಟುವುದು, ಕೋಣೆಯಲ್ಲಿ ಎಲ್ಲರನ್ನೂ ಕರೆಯಲು ದೀಪ ಹಾಕಿ ಆರಿಸುವುದು, ಇಬ್ಬರು ಮಾತಾಡುತ್ತಿದ್ದರೆ ನಡುವೆ ನಿಲ್ಲದೆ ಸರಕ್ಕನೆ ದಾಟಿಹೋಗುವುದು, ಇವೂ ಹಾಗೆಯೇ ಮೈಗೆ ಬರುತ್ತವೆ.

ಎಲ್ಲ ಕ್ಲಾಸೂ ಒಂದೇ ಎಂದುಕೊಳ್ಳಬೇಡಿ. ಸೇರುವ ಮೊದಲು ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಶಿಕ್ಷಕರು ಬಾಯಲ್ಲಿ ಜೋರಾಗಿ ಮಾತಾಡುತ್ತಾ ಅದರ ಜೊತೆಗೇ ಕೈ ಆಡಿಸುತ್ತಿದ್ದರೆ ಅಲ್ಲಿ ಕಲಿಸುತ್ತಿರುವುದು ಹೆಚ್ಚಾಗಿ ಮಾತಿನ ಭಾಷೆಯ ಪದಕ್ರಮಕ್ಕೆ ಸಂಜ್ಞೆಗಳನ್ನು ಪೋಣಿಸಿದ ಒಂದು ಕಲಬೆರಕೆ. ಅದರಿಂದ ಪದಗಳು ಸಿಗುತ್ತವೆ, ಕಿವುಡರು ತಮ್ಮತಮ್ಮಲ್ಲಿ ಆಡುವ ಮಾತು ಸಿಗುವುದಿಲ್ಲ. ಮುಖ ನೋಡಿ ಪಾಠ ನಡೆಯುತ್ತಿದೆಯೇ ಎಂಬುದು ಇನ್ನೊಂದು ಪರೀಕ್ಷೆ. ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಹೌದು-ಇಲ್ಲ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, ಯಾರು-ಏನು-ಏಕೆ ಪ್ರಶ್ನೆಗೆ ಹುಬ್ಬು ಕೆಳಗಿಳಿಯುತ್ತದೆ. ಇದನ್ನು ತಿದ್ದದ ಶಿಕ್ಷಕರು ಬರೀ ಕೈ ಕಲಿಸುತ್ತಿದ್ದಾರೆ.

ಕೇಳುವ ಶಿಕ್ಷಕರೆಲ್ಲ ಬೇಡವೆಂದು ಹೇಳುತ್ತಿಲ್ಲ. ಕಿವುಡ ತಂದೆತಾಯಿಯ ಮನೆಯಲ್ಲಿ ಬೆಳೆದ ಕೇಳುವ ಮಕ್ಕಳಿಗೆ ಅದೇ ತಾಯ್ನುಡಿ, ಅವರು ಚೆನ್ನಾಗಿ ಕಲಿಸಬಲ್ಲರು. ಆದರೂ ನಿಮಗೆ ಬೇಕಿರುವುದು ಸಂಸ್ಕೃತಿ ಎಂದಾದರೆ ಕಿವುಡ ಶಿಕ್ಷಕರಿಗೇ ನನ್ನ ಓಟು. ಮೊದಲ ತಿಂಗಳು ಕಷ್ಟವಾಗುತ್ತದೆ, ಬಾಯಿ ಮುಚ್ಚಿ ಕೂರಬೇಕು, ಏನೂ ತಿಳಿಯದೆ ಮುಜುಗರವಾಗುತ್ತದೆ. ಆ ಮುಜುಗರ ಕಿವುಡರಿಗೆ ದಿನವೂ ಇರುವಂಥದ್ದು ಎಂದು ಯಾರೂ ಭಾಷಣ ಮಾಡದೆಯೇ ಹೊಳೆಯುತ್ತದೆ.

ಹಳೆಯ ಫಿಲ್ಮುಗಳು, ವಿಡಿಯೋ ಸಂಗ್ರಹಗಳು

ಇದು ನನಗೆ ಬಹಳ ಇಷ್ಟವಾದ ದಾರಿ, ಹೊಸಬರಿಗೆ ಮಾತ್ರ ಹೇಳುವುದಿಲ್ಲ. ಮಿಲಾನ್ ನಿರ್ಣಯದ ಅಲೆ ಅಮೆರಿಕಕ್ಕೂ ಬಂದಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ, ಅದು ಹುಟ್ಟಿದ್ದೂ 1880ರಲ್ಲೇ, ಹಣ ಕೂಡಿಸಿ ತಮ್ಮ ಶ್ರೇಷ್ಠ ಮಾತುಗಾರರನ್ನು ಫಿಲ್ಮಿನಲ್ಲಿ ಹಿಡಿದಿಟ್ಟಿತು. ಸಿನಿಮಾಕ್ಕೆ ಇನ್ನೂ ದನಿ ಬಂದಿರದ ಕಾಲ, ಇವರಿಗೆ ದನಿಯ ಹಂಗೂ ಇರಲಿಲ್ಲ. 1913ರಲ್ಲಿ ಸಂಘದ ಮಾಜಿ ಅಧ್ಯಕ್ಷ ಜಾರ್ಜ್ ವೆಡಿಟ್ಜ್ ಕ್ಯಾಮೆರಾ ಮುಂದೆ ನಿಂತು ಮಾಡಿದ ಭಾಷಣ ಅದರಲ್ಲಿ ಪ್ರಸಿದ್ಧ. ಮೂವತ್ತಮೂರು ವರ್ಷಗಳಿಂದ ಫ್ರಾನ್ಸಿನ ಕಿವುಡರು ತಮ್ಮ ಶಾಲೆಗಳಿಂದ ಸಂಜ್ಞೆ ಕಿತ್ತುಕೊಂಡದ್ದನ್ನು ಕಣ್ಣೀರಿಟ್ಟು ನೋಡುತ್ತಿದ್ದಾರೆ ಎಂದು ಅವರು ಹೇಳುತ್ತಾರೆ. 2010ರಲ್ಲಿ ಈ ಫಿಲ್ಮು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಅನುವಾದ ಓದಿದರೆ ಭಾಷಣದ ಸಾರ ಸಿಗುತ್ತದೆ. ಸಂಜ್ಞೆ ಬಲ್ಲವರಿಗೆ ಇನ್ನೊಂದು ಕಾಣುತ್ತದೆ: ಈಗ ಒಂದೇ ಕೈಯಲ್ಲಿ ಮಾಡುವ ಕೆಲವು ಸಂಜ್ಞೆಗಳನ್ನು ಆಗಿನವರು ಎರಡೂ ಕೈಯಲ್ಲಿ, ಅಗಲವಾಗಿ ಮಾಡುತ್ತಾರೆ. ನೂರು ವರ್ಷದಲ್ಲಿ ಭಾಷೆ ಹೇಗೆ ಸವೆದು ಮೈಗೆ ಹತ್ತಿರ ಬಂತು ಎಂಬುದು ಕಣ್ಣಿಗೇ ಕಾಣುವ ಚರಿತ್ರೆ. ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಿ. ವರ್ಣಭೇದದ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಕಿವುಡ ಮಕ್ಕಳಿಗೆ ಶಾಲೆಗಳೇ ಬೇರೆ. ಅವರ ಮೇಲೆ ಬಾಯಿಮಾತಿನ ಪದ್ಧತಿ ಹೇರುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ, ಕಾರಣ ಅಸಡ್ಡೆ. ಫಲವಾಗಿ ಕಪ್ಪು ಕಿವುಡರ ಸಂಜ್ಞೆಯಲ್ಲಿ ಎರಡು ಕೈಯ ಹಳೆಯ ರೂಪಗಳು, ದೊಡ್ಡ ಹರವಿನ ಚಲನೆಗಳು ಹೆಚ್ಚಾಗಿ ಉಳಿದುಕೊಂಡವು. ಅನ್ಯಾಯಕ್ಕೊಳಗಾದವರ ಕೈಯಲ್ಲೇ ಹಳೆಯ ಭಾಷೆ ಗಟ್ಟಿಯಾಗಿ ನಿಂತ ಈ ವಿಚಿತ್ರವನ್ನು ಅಕ್ಷರದಲ್ಲಿ ಓದಿದರೆ ಒಂದು ಮಾಹಿತಿ, ಎರಡು ವಿಡಿಯೋ ಪಕ್ಕಪಕ್ಕ ಇಟ್ಟು ನೋಡಬಲ್ಲವರಿಗೆ ಸಾಕ್ಷಿ.

ಬ್ರಿಟನ್ನಿನಲ್ಲಿ 2008ರಿಂದ ಎಂಟು ನಗರಗಳ 249 ಕಿವುಡರ ಮಾತುಕತೆಯನ್ನು ವಿಡಿಯೋ ಮಾಡಿ ಸಂಗ್ರಹಿಸಿದ್ದಾರೆ. ಅಲ್ಲಿ ಅಂಕಿಗಳ ಸಂಜ್ಞೆಗಳೇ ಊರಿಂದ ಊರಿಗೆ ಬೇರೆ, ಒಂದೊಂದು ಕಿವುಡರ ಶಾಲೆ ಒಂದೊಂದು ಉಪಭಾಷೆಯನ್ನು ಬೆಳೆಸಿದ ಗುರುತು. ಇಂಥ ಸಂಗ್ರಹಗಳಿಗೆ ಹೋಗುವವರಿಗೆ ಒಂದು ಮಾತು: ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ನೀವು ಮತ್ತೆ ಓದುತ್ತಲೇ ಇದ್ದೀರಿ, ಕಣ್ಣು ಕೆಳಗಿನ ಸಾಲಿಗೇ ಅಂಟಿರುತ್ತದೆ. ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಅದರೊಂದಿಗೆ, ಮತ್ತೆ ಇಲ್ಲದೆ ನೋಡಿ. ಭಾಷೆಯ ತಳಪಾಯ ಇಲ್ಲದವರಿಗೆ ಇದು ವ್ಯರ್ಥ ಶ್ರಮ, ಅದಕ್ಕೇ ಹೊಸಬರಿಗೆ ಹೇಳುವುದಿಲ್ಲ ಎಂದೆ.

ವಿಶ್ವವಿದ್ಯಾಲಯದ ಕೋರ್ಸು

ಕಿವುಡರ ಅಧ್ಯಯನ ಎಂಬ ಹೆಸರಿನ ಕೋರ್ಸುಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಾಠವೇ ಸಂಜ್ಞಾ ಭಾಷೆಯಲ್ಲಿ, ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ ಇರುವ ಹಾಗೆ. ಇನ್ನೊಂದರಲ್ಲಿ ಪಾಠ ಮಾತಿನಲ್ಲಿ, ಜೊತೆಗೆ ದುಭಾಷಿ. ಪದವಿ ಪತ್ರದಲ್ಲಿ ಎರಡೂ ಒಂದೇ ಥರ ಕಂಡರೂ ಅನುಭವ ಬೇರೆ. ದುಭಾಷಿ ಎಷ್ಟೇ ನುರಿತವರಾದರೂ ಮಾತು ಒಂದು ಹೆಜ್ಜೆ ಹಿಂದೆ ಬರುತ್ತದೆ, ತಮಾಷೆ ದಾರಿಯಲ್ಲೇ ಸಾಯುತ್ತದೆ. ಕೈಯ ಆಕಾರವನ್ನೇ ಪ್ರಾಸವಾಗಿ ಬಳಸುವ ಸಂಜ್ಞಾ ಕವಿತೆಯಂತೂ ದಾಟುವುದೇ ಇಲ್ಲ.

ಕೋರ್ಸಿನ ಗಟ್ಟಿತನ ಸಿದ್ಧಾಂತ ಮತ್ತು ವಾದದಲ್ಲಿ. 1960ರಲ್ಲಿ ಭಾಷಾಶಾಸ್ತ್ರಜ್ಞ ವಿಲಿಯಂ ಸ್ಟೋಕಿ ಸಂಜ್ಞೆಯನ್ನು ಕೈಯ ಆಕಾರ, ಜಾಗ, ಚಲನೆ ಎಂದು ಬಿಡಿಸಿ, ಇದು ಪೂರ್ಣ ಭಾಷೆ ಎಂದು ತೋರಿಸಿದ ಕಥೆ ಎಲ್ಲರೂ ಹೇಳುತ್ತಾರೆ. ಅಮೆರಿಕನ್ ಸಂಜ್ಞಾ ಭಾಷೆಯ 1965ರ ನಿಘಂಟನ್ನು ಅವರ ಜೊತೆ ಮಾಡಿದ ಡೊರೊತಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೋನ್‌ಬರ್ಗ್ ಇಬ್ಬರೂ ಕಿವುಡರು, ಕಿವುಡರ ಸಮುದಾಯವನ್ನು ಒಂದು ಸಂಸ್ಕೃತಿಯಾಗಿ ಅದರಲ್ಲಿ ವಿವರಿಸಿದವರು ಕ್ರೋನ್‌ಬರ್ಗ್ ಎಂಬುದು ಒಳ್ಳೆಯ ಕೋರ್ಸಿನಲ್ಲಿ ಮಾತ್ರ ಬರುತ್ತದೆ. ಹಾಗೆಯೇ 1988ರ ಮಾರ್ಚ್: ಸ್ಥಾಪನೆಯಾಗಿ 124 ವರ್ಷವಾದರೂ ಗ್ಯಾಲಡೆಟ್‌ಗೆ ಒಬ್ಬ ಕಿವುಡ ಅಧ್ಯಕ್ಷರೂ ಆಗಿರಲಿಲ್ಲ. ಮತ್ತೆ ಕೇಳುವವರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕೂತರು, ಒಂದು ವಾರದಲ್ಲಿ ಐ. ಕಿಂಗ್ ಜಾರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಈ ಹೋರಾಟದ ಬೀಜ ಎಷ್ಟು ಹಿಂದಿನದು ಎಂದು ಕಟ್ಟಿಕೊಡಲು ತರಗತಿಯ ಚರ್ಚೆ ಬೇಕು.

ಆ್ಯಪ್, ಸಣ್ಣ ವಿಡಿಯೋ

ಬೆರಳಿನ ಅಕ್ಷರಮಾಲೆಗೆ, ದಿನಕ್ಕೈದು ಪದಕ್ಕೆ ಚೆನ್ನ. ಸಂಸ್ಕೃತಿ, ಚರಿತ್ರೆ ಇದರಲ್ಲಿ ಹುಡುಕಬೇಡಿ. ಸಿನಿಮಾ ಹಾಡಿಗೆ ಕೈ ಆಡಿಸಿ ಲಕ್ಷಾಂತರ ಜನ ನೋಡುವ ವಿಡಿಯೋ ಮಾಡುವವರಲ್ಲಿ ಸಂಜ್ಞಾ ಭಾಷೆ ಸರಿಯಾಗಿ ಬಾರದವರೂ ಇದ್ದಾರೆ, ಕಿವುಡರೇ ಅದನ್ನು ನೋಡಿ ಏನು ಹೇಳುತ್ತಿದ್ದಾರೆಂದು ತಿಳಿಯದೆ ನಗುತ್ತಾರೆ.

ಯಾವ ಸಂಜ್ಞಾ ಭಾಷೆ?

ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಅಮೆರಿಕ, ಬ್ರಿಟನ್ ಎರಡೂ ಕಡೆ ಮಾತು ಇಂಗ್ಲಿಷೇ, ಸಂಜ್ಞಾ ಭಾಷೆಗಳಿಗೆ ಮಾತ್ರ ನಂಟಿಲ್ಲ. ಅಮೆರಿಕದ್ದು ಕ್ಲೆರ್ಕ್ ಹಾದಿಯಲ್ಲಿ ಫ್ರೆಂಚ್ ಕಡೆಯದು, ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಬ್ರಿಟಿಷ್ ಅಕ್ಷರಗಳಿಗೆ ಎರಡು ಕೈ ಬೇಕು, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವು ಅದರ ಬಳಗ.

ಅಮೆರಿಕನ್ ಸಂಜ್ಞಾ ಭಾಷೆಯ ಬಲ ಅದರ ದಾಖಲೆ: ಫಿಲ್ಮು, ಸಾಹಿತ್ಯ, ಪಾಠದ ಸಾಮಗ್ರಿ ಎಲ್ಲ ಹೇರಳ. ದೌರ್ಬಲ್ಯವೂ ಅದರಿಂದಲೇ ಹುಟ್ಟುತ್ತದೆ, ಅದರಲ್ಲೇ ಮುಳುಗಿದವರಿಗೆ ಕಿವುಡರ ಚರಿತ್ರೆ ಎಂದರೆ ಹಾರ್ಟ್‌ಫರ್ಡ್, ವಾಷಿಂಗ್ಟನ್ ಎರಡೇ. 1970ರ ದಶಕದ ಕೊನೆಯಲ್ಲಿ ನಿಕರಾಗುವಾದ ಶಾಲೆಗಳಲ್ಲಿ ಮೊದಲ ಸಲ ಒಟ್ಟು ಸೇರಿದ ಕಿವುಡ ಮಕ್ಕಳು ಯಾರೂ ಕಲಿಸದೆ ಹೊಸ ಭಾಷೆಯನ್ನೇ ಕಟ್ಟಿದ್ದು, ಬಾಲಿಯ ಬೆಂಗ್ಕಾಲ ಹಳ್ಳಿಯಲ್ಲಿ ಕೇಳುವವರೂ ಕಟಾ ಕೊಲೊಕ್ ಎಂಬ ಸಂಜ್ಞಾ ಭಾಷೆ ಆಡುವುದು, ಇವೆಲ್ಲ ಅಡಿಟಿಪ್ಪಣಿಗೆ ಹೋಗಿಬಿಡುತ್ತವೆ.

ನೀವಿರುವ ದೇಶದ ಸಂಜ್ಞಾ ಭಾಷೆಗೆ ಅಷ್ಟು ಪುಸ್ತಕ, ಫಿಲ್ಮು ಇರಲಿಕ್ಕಿಲ್ಲ. ಆದರೆ ಮಾತಾಡಲು ಜನರಿದ್ದಾರೆ. ಕಿವುಡರ ಸಂಘಗಳು, ಹಳೆಯ ಶಾಲೆಗಳು, ಅಲ್ಲಿ ಓದಿದ ಹಿರಿಯರು, ಚರಿತ್ರೆ ಇನ್ನೂ ಅವರ ಕೈಯಲ್ಲೇ ಇದೆ, ಬರಹಕ್ಕೆ ಇಳಿದಿಲ್ಲ. ಸಾಮಗ್ರಿಯೂ ಹೆಚ್ಚುತ್ತಿದೆ: ಭಾರತೀಯ ಸಂಜ್ಞಾ ಭಾಷೆಗೆ 2015ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಕೇಂದ್ರ ಆಯಿತು, 2021ರ ನಿಘಂಟಿನಲ್ಲಿ 10,000 ಪದಗಳಿವೆ. ನ್ಯೂಜಿಲೆಂಡ್ 2006ರಲ್ಲಿ, ದಕ್ಷಿಣ ಆಫ್ರಿಕಾ 2023ರಲ್ಲಿ ತಮ್ಮ ಸಂಜ್ಞಾ ಭಾಷೆಗಳನ್ನು ಅಧಿಕೃತ ಭಾಷೆಗಳ ಸಾಲಿಗೆ ಸೇರಿಸಿದವು. ದಾಖಲೆಗಳ ಮೇಲೆ ಕೆಲಸ ಮಾಡುವ ಸಂಶೋಧಕರಲ್ಲದಿದ್ದರೆ ನಿಮ್ಮ ದೇಶದ್ದನ್ನೇ ಹಿಡಿಯಿರಿ. ಅಂತರರಾಷ್ಟ್ರೀಯ ಸಂಜ್ಞೆ ಎಂಬುದು ಸಮ್ಮೇಳನಗಳಲ್ಲಿ ನಾನಾ ದೇಶದವರು ಹೊಂದಿಸಿಕೊಂಡು ಆಡುವ ಮಾತು, ಒಂದು ಭಾಷೆ ಚೆನ್ನಾಗಿ ಬಂದಮೇಲೆ ತಾನಾಗಿ ಅರ್ಥವಾಗತೊಡಗುತ್ತದೆ. ಅದರಿಂದ ಶುರು ಮಾಡುವುದು ಬೇಡ.

ಯಾರಿಗೆ ಯಾವುದು

ಕಿವುಡ ಮಗುವಿನ ತಂದೆತಾಯಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ: ದೇಶದ ಸಂಜ್ಞಾ ಭಾಷೆ, ಕಿವುಡ ಶಿಕ್ಷಕರು, ಇವತ್ತಿನಿಂದಲೇ. ಚರಿತ್ರೆಯ ಪುಸ್ತಕ ಮಗು ಮಲಗಿದ ಮೇಲೆ. ಪರೀಕ್ಷೆಗೋ ಪ್ರಬಂಧಕ್ಕೋ ಎರಡು ಮೂರು ತಿಂಗಳಷ್ಟೇ ಇರುವ ವಿದ್ಯಾರ್ಥಿ ನನ್ನ ಕ್ರಮವನ್ನು ತಲೆಕೆಳಗು ಮಾಡಲಿ, ಕಿವುಡ ಲೇಖಕರ ಪುಸ್ತಕ ಮುಂದಿರಲಿ, ವಾರಕ್ಕೊಮ್ಮೆ ಕ್ಲಾಸು. ಇಷ್ಟು ಕಡಿಮೆ ಸಮಯದಲ್ಲಿ ಭಾಷೆಯ ಮೂಲಕವೇ ಚರಿತ್ರೆ ತಿಳಿಯುತ್ತೇನೆಂದು ಹೊರಟರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ದುಭಾಷಿ ಆಗಬೇಕೆನ್ನುವವರಿಗೆ ಕ್ಲಾಸು, ಸಂಘದ ಒಡನಾಟ, ಆಮೇಲೆ ಕೋರ್ಸು. ಒಡನಾಟವನ್ನು ಹಾರಿಸಿ ನೇರ ಕೋರ್ಸಿಗೆ ಹೋದವರ ಸಂಜ್ಞೆ ಪಠ್ಯಪುಸ್ತಕದ ಹಾಗೆ ನೆಟ್ಟಗಿರುತ್ತದೆ, ಕಿವುಡರು ಅವರನ್ನು ಒಂದೇ ನಿಮಿಷದಲ್ಲಿ ಗುರುತಿಸುತ್ತಾರೆ. ಹತ್ತಿರದಲ್ಲಿ ಕ್ಲಾಸೇ ಇಲ್ಲದವರು ಕಿವುಡ ಶಿಕ್ಷಕರು ವಿಡಿಯೋ ಕರೆಯಲ್ಲಿ ನಡೆಸುವ ಪಾಠ ಹುಡುಕಲಿ, ಸಂಜ್ಞೆಗೆ ಬೇಕಿರುವುದು ಬೆಳಕು ಮತ್ತು ತಡವರಿಸದ ಇಂಟರ್ನೆಟ್. ಕೇವಲ ಕುತೂಹಲಕ್ಕೆ ಬಂದವರಿಗೆ ಒಂದು ಪುಸ್ತಕ, ಒಂದು ಹಳೆಯ ಫಿಲ್ಮು ಸಾಕು.

ಹಿರಿಯರ ಕಥೆ ಕೇಳುವ ಹಂತಕ್ಕೆ ಬಂದವರಿಗೆ ಇನ್ನೊಂದು ವಿಷಯ. ಮಾತಿನ ಸಂದರ್ಶನದಲ್ಲಿ ಹೆಸರು ಮರೆಸಿ, ದನಿ ಬದಲಿಸಿ ಬಳಸಬಹುದು. ಸಂಜ್ಞೆಯಲ್ಲಿ ಅದು ಆಗದು, ಮುಖ ಮಸುಕು ಮಾಡಿದರೆ ವ್ಯಾಕರಣವೇ ಹೋಗುತ್ತದೆ. ಕಿವುಡರ ಬಳಗ ಚಿಕ್ಕದು, ಯಾವ ಶಾಲೆಯ ಯಾವ ಮೇಷ್ಟ್ರ ಬಗ್ಗೆ ಯಾರು ಏನು ಹೇಳಿದರು ಎಂಬುದು ಬೇಗ ಹರಡುತ್ತದೆ. ಹಾಗಾಗಿ ಫೋನು ತೆಗೆಯುವ ಮೊದಲು, ಅವರ ಭಾಷೆಯಲ್ಲೇ, ವಿಡಿಯೋ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ಒಪ್ಪಿದರೆ ಒಂದು ಪ್ರತಿ ಅವರಿಗೆ, ಅವರು ಹೂಂ ಅಂದರೆ ಇನ್ನೊಂದು ಅವರ ಸಂಘಕ್ಕೆ. ಒಪ್ಪದಿದ್ದರೆ ಫೋನು ಜೇಬಿನಲ್ಲಿಟ್ಟು ಸುಮ್ಮನೆ ನೋಡಿ.